ಮನಃಶಾಸ್ತ್ರದ 16 ಅಂಕದ ಪ್ರಶ್ನೆ: ಎಲ್ಲ ಗೊತ್ತಿದ್ದೂ ಅಂಕ ಬಾರದಿರುವುದು ಯಾಕೆ?

‘ಸ್ಮರಣೆಯ ಮಲ್ಟಿ-ಸ್ಟೋರ್ ಮಾದರಿಯನ್ನು ಚರ್ಚಿಸಿ. 16 ಅಂಕ.’

ಇಂಗ್ಲೆಂಡಿನ ಎ-ಲೆವೆಲ್ (ನಮ್ಮ ಪಿಯುಸಿಯಂಥ ಹಂತ) ಮನಃಶಾಸ್ತ್ರದ ಪತ್ರಿಕೆಯಲ್ಲಿ ಇಂಥದ್ದೊಂದು ಸಾಲು ಕಂಡರೆ ಓದಿಕೊಂಡು ಹೋದ ಮಕ್ಕಳಿಗೆ ಒಳಗೊಳಗೇ ಖುಷಿ. ಮಾದರಿ ಕೊಟ್ಟವರು ಅಟ್ಕಿನ್ಸನ್ ಮತ್ತು ಶಿಫ್ರಿನ್, 1968. ನೆನಪಿಗೆ ಮೂರು ಉಗ್ರಾಣಗಳು. ಒಂದೊಂದರಲ್ಲಿ ಎಷ್ಟು ಹಿಡಿಯುತ್ತದೆ, ಎಷ್ಟು ಹೊತ್ತು ಉಳಿಯುತ್ತದೆ, ಯಾವ ರೂಪದಲ್ಲಿ ಉಳಿಯುತ್ತದೆ, ಎಲ್ಲ ನಾಲಿಗೆಯ ತುದಿಯಲ್ಲೇ ಇದೆ. ಚೌಕ ಬರೆದು, ಬಾಣ ಎಳೆದು, ಎರಡೂವರೆ ಪುಟ ತುಂಬಿಸಿ, ಕೊನೆಯಲ್ಲಿ ‘ಆದರೆ ಈ ಮಾದರಿ ತೀರಾ ಸರಳವಾಗಿದೆ’ ಅಂತ ಒಂದು ಸಾಲು ಸೇರಿಸಿ ಹೊರಗೆ ಬರುತ್ತಾರೆ. ಆಮೇಲೆ ನೋಡಿದರೆ 16ಕ್ಕೆ 7. ಬರೆದದ್ದರಲ್ಲಿ ಒಂದು ತಪ್ಪೂ ಇರುವುದಿಲ್ಲ.

ಬ್ರಿಟನ್ನಿನಲ್ಲಿರುವ ಕನ್ನಡದ ಮನೆಗಳಲ್ಲಿ ಈ 7 ಅಂಕ ಇನ್ನೂ ಸ್ವಲ್ಪ ಹೆಚ್ಚು ಗೊಂದಲ ಹುಟ್ಟಿಸುತ್ತದೆ. ಅಪ್ಪ ಅಮ್ಮ ಪಿಯುಸಿ, ಡಿಗ್ರಿ ಮಾಡಿದ ಕಾಲದಲ್ಲಿ ಉತ್ತರದ ತೂಕ ಗೊತ್ತಾಗುತ್ತಿದ್ದುದೇ ‘ಎಷ್ಟು ಅಡಿಷನಲ್ ಶೀಟ್ ತಗೊಂಡೆ?’ ಎಂಬ ಪ್ರಶ್ನೆಯಿಂದ. ಮುಖ್ಯ ಅಂಶಗಳಿಗೆ ಅಡಿಗೆರೆ, ಅಂಶಕ್ಕಿಷ್ಟು ಅಂಕ, ವ್ಯಾಲ್ಯುಯೇಷನ್ ಸ್ಕೀಮ್‌ನಲ್ಲಿದ್ದದ್ದು ಉತ್ತರದಲ್ಲಿದ್ದರೆ ಸರಿ. ಆ ಪದ್ಧತಿಗೆ ಅದರದೇ ಲಾಭಗಳಿವೆ. ಆದರೆ ‘ಚರ್ಚಿಸಿ’ ಎಂದು ಕೇಳುವ ಈ ಪ್ರಶ್ನೆಯ ಲೆಕ್ಕಾಚಾರವೇ ಬೇರೆ. ಆ ಲೆಕ್ಕಾಚಾರ ಗುಟ್ಟೇನಲ್ಲ, ಪರೀಕ್ಷಾ ಮಂಡಳಿಯೇ ಪ್ರಕಟಿಸುತ್ತದೆ. ಮಕ್ಕಳು ಅದನ್ನು ಓದುವುದಿಲ್ಲ, ಅಷ್ಟೇ.

ಅಂಕ ಕೂತಿರುವ ಜಾಗ

ಮನಃಶಾಸ್ತ್ರಕ್ಕೆ ಅಲ್ಲಿ ಹೆಚ್ಚು ಮಕ್ಕಳು ಬರೆಯುವುದು ಎಕ್ಯೂಎ ಎಂಬ ಮಂಡಳಿಯ ಪತ್ರಿಕೆ. ಅದನ್ನೇ ಇಟ್ಟುಕೊಳ್ಳೋಣ. ಒಟ್ಟು ಮೂರು ಪತ್ರಿಕೆ, ಒಂದೊಂದಕ್ಕೂ 2 ಗಂಟೆ, 96 ಅಂಕ. ಅಂಕಕ್ಕೆ ಒಂದೂಕಾಲು ನಿಮಿಷ ಬೀಳುತ್ತದೆ. 16 ಅಂಕದ ಪ್ರಶ್ನೆಗೆ 20 ನಿಮಿಷ.

ಈ 16ರಲ್ಲಿ 6 ಮಾತ್ರ ತಿಳಿವಳಿಕೆಗೆ: ಸಿದ್ಧಾಂತ ಏನು ಹೇಳುತ್ತದೆ, ಯಾರು ಹೇಳಿದ್ದು, ಹೇಗೆ ಕೆಲಸ ಮಾಡುತ್ತದೆ. ಉಳಿದ 10 ವಿಮರ್ಶೆಗೆ: ಅದನ್ನು ಎಷ್ಟರ ಮಟ್ಟಿಗೆ ಒಪ್ಪಬಹುದು, ಯಾಕೆ, ಎಲ್ಲಿ ಸೋಲುತ್ತದೆ, ಸೋತರೆ ಪೂರ್ತಿ ಸೋಲೋ ಅರೆ ಸೋಲೋ. ಮಂಡಳಿಯ ಭಾಷೆಯಲ್ಲಿ ಮೊದಲನೆಯದು ಎಓ-1, ಎರಡನೆಯದು ಎಓ-3. ನಡುವಿನ ಎಓ-2 ಅಂದರೆ ಕೊಟ್ಟ ಸನ್ನಿವೇಶಕ್ಕೆ ಅನ್ವಯಿಸುವುದು. ಪ್ರಶ್ನೆಯ ಮೇಲೆ ಒಂದು ಸಣ್ಣ ಕಥೆ ಇದ್ದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ಆಗ ಹಂಚಿಕೆ 6, 4, 6 ಆಗುತ್ತದೆ. 8 ಅಂಕದ ಸಣ್ಣ ಚರ್ಚೆಗೆ 3 ಮತ್ತು 5.

ಇಲ್ಲಿ ಇನ್ನೊಂದು ವಿಷಯ ತಿಳಿದಿರಬೇಕು. ಪರೀಕ್ಷಕರು ಒಂದೊಂದು ಅಂಶಕ್ಕೂ ಟಿಕ್ ಹಾಕಿ ಕೂಡುವುದಿಲ್ಲ. ಇಡೀ ಉತ್ತರ ಓದಿ, ಅದು ನಾಲ್ಕು ಮಟ್ಟಗಳಲ್ಲಿ ಯಾವುದಕ್ಕೆ ಸೇರುತ್ತದೆ ಎಂದು ತೀರ್ಮಾನಿಸುತ್ತಾರೆ: 1ರಿಂದ 4, 5ರಿಂದ 8, 9ರಿಂದ 12, 13ರಿಂದ 16. ಆಮೇಲೆ ಆ ಮಟ್ಟದೊಳಗೆ ಅಂಕ. ಎರಡನೇ ಮಟ್ಟದ ವಿವರಣೆಯಲ್ಲಿ ಒಂದು ಮಾತಿದೆ: ಉತ್ತರದ ಗಮನ ಬಹುಪಾಲು ವರ್ಣನೆಯ ಮೇಲಿದೆ. ನಮ್ಮ ಎರಡೂವರೆ ಪುಟದ ಉತ್ತರ ಸಿಕ್ಕಿಹಾಕಿಕೊಂಡದ್ದು ಅಲ್ಲೇ. ಇನ್ನೂ ಎರಡು ಪುಟ ವರ್ಣನೆ ಸೇರಿಸಿದ್ದರೂ ಅದು 8ರ ಗೋಡೆ ಹಾರುತ್ತಿರಲಿಲ್ಲ. ಮೇಲಿನ ಮಟ್ಟ ಕೇಳುವುದು ಆಳವಾದ, ಪರಿಣಾಮಕಾರಿಯಾದ ವಿಮರ್ಶೆ, ಜೊತೆಗೆ ಪ್ರಶ್ನೆ ಬಿಟ್ಟು ಆಚೀಚೆ ಹೋಗದ ಬರವಣಿಗೆ. ಅಲ್ಲೂ ಸಣ್ಣಪುಟ್ಟ ವಿವರ ಬಿಟ್ಟುಹೋದರೆ ಪರವಾಗಿಲ್ಲ ಎಂಬ ರಿಯಾಯಿತಿ ಇದೆ ಅನ್ನುವುದನ್ನು ಗಮನಿಸಬೇಕು. ಸಂಪೂರ್ಣತೆಯನ್ನು ಯಾರೂ ಕೇಳುತ್ತಿಲ್ಲ.

ಆರು ಅಂಕದ ಭಾಗ ಬೇಗ ಮುಗಿಸಬಹುದು

ಮಲ್ಟಿ-ಸ್ಟೋರ್ ಮಾದರಿಯ ತಿರುಳು ಇಷ್ಟು. ಕಣ್ಣು ಕಿವಿಗಳಿಗೆ ಬಿದ್ದದ್ದೆಲ್ಲ ಮೊದಲು ಸಂವೇದನೆಯ ಉಗ್ರಾಣಕ್ಕೆ ಬರುತ್ತದೆ. ಗಮನ ಕೊಡದಿದ್ದರೆ ಕ್ಷಣದಲ್ಲೇ ಅಳಿಯುತ್ತದೆ. ಗಮನ ಕೊಟ್ಟದ್ದು ಅಲ್ಪಾವಧಿ ನೆನಪಿಗೆ ಹೋಗುತ್ತದೆ. ಅಲ್ಲಿ ಹಿಡಿಯುವುದು ಸುಮಾರು ಏಳು ಅಂಶ, ಎರಡು ಹೆಚ್ಚು ಅಥವಾ ಕಡಿಮೆ (ಮಿಲ್ಲರ್, 1956). ಅವು ಹೆಚ್ಚಾಗಿ ಧ್ವನಿಯ ರೂಪದಲ್ಲಿರುತ್ತವೆ. ಮತ್ತೆ ಮತ್ತೆ ಹೇಳಿಕೊಳ್ಳದಿದ್ದರೆ 18 ಸೆಕೆಂಡಿನ ಹೊತ್ತಿಗೆ ಬಹುಪಾಲು ಮಾಯ. ಹೇಳಿಕೊಳ್ಳುತ್ತಾ ಇದ್ದರೆ, ಅಂದರೆ ರಿಹರ್ಸಲ್ ಮಾಡಿದರೆ, ದೀರ್ಘಾವಧಿ ನೆನಪಿಗೆ ಸೇರುತ್ತದೆ. ಆ ಉಗ್ರಾಣಕ್ಕೆ ಲೆಕ್ಕಕ್ಕೆ ಸಿಗುವ ಮಿತಿ ಇಲ್ಲ, ಅಲ್ಲಿ ಇರುವುದು ಹೆಚ್ಚಾಗಿ ಅರ್ಥದ ರೂಪದಲ್ಲಿ.

ಇದನ್ನೇ ಉತ್ತರ ಪತ್ರಿಕೆಯಲ್ಲಿ 150 ಪದದೊಳಗೆ ಬರೆಯಬಹುದು. ಏಳೆಂಟು ನಿಮಿಷದ ಕೆಲಸ. ಇಲ್ಲಿ ಮಕ್ಕಳು ಮಾಡುವ ದುಂದು ಯಾವುದೆಂದರೆ ಈ 18 ಸೆಕೆಂಡಿನ ಲೆಕ್ಕ ಕೊಟ್ಟ ಪೀಟರ್ಸನ್ ದಂಪತಿಯ 1959ರ ಪ್ರಯೋಗವನ್ನು ಉದ್ದಕ್ಕೂ ಹೇಳುವುದು: ಎಷ್ಟು ಜನ ವಿದ್ಯಾರ್ಥಿಗಳು, ಯಾವ ಮೂರಕ್ಷರದ ಅರ್ಥವಿಲ್ಲದ ಪದ, ಎಷ್ಟರಿಂದ ಹಿಂದಕ್ಕೆ ಎಣಿಸಿದರು. ಪ್ರಯೋಗದ ವಿಧಾನಕ್ಕೆ ಈ ಪ್ರಶ್ನೆಯಲ್ಲಿ ಪ್ರತ್ಯೇಕ ಅಂಕವಿಲ್ಲ. ಅದು ಏನನ್ನು ತೋರಿಸುತ್ತದೆ ಎಂಬುದಕ್ಕೆ ಇದೆ.

ಸಾಕ್ಷಿಯನ್ನು ಕರೆಸಿದ ಮೇಲೆ

ಇನ್ನು 10 ಅಂಕದ ಭಾಗ. ಇಲ್ಲಿ ಒಂದು ಹೋಲಿಕೆ ನನಗೆ ಉಪಯೋಗಕ್ಕೆ ಬಂದಿದೆ. ವಿಮರ್ಶೆಯಲ್ಲಿ ಬರುವ ಪ್ರತಿ ಅಧ್ಯಯನವೂ ಒಬ್ಬ ಸಾಕ್ಷಿ. ಹೆಚ್ಚಿನ ಉತ್ತರಗಳಲ್ಲಿ ಸಾಕ್ಷಿ ಕಟಕಟೆಗೆ ಬರುತ್ತಾನೆ, ಹೆಸರು ಮತ್ತು ಇಸವಿ ಹೇಳುತ್ತಾನೆ, ಇಳಿದು ಹೋಗುತ್ತಾನೆ. ಪಾಟೀ ಸವಾಲೇ ನಡೆಯುವುದಿಲ್ಲ. ಅಂಕ ಇರುವುದು ಪಾಟೀ ಸವಾಲಿನಲ್ಲಿ.

ಎಚ್.ಎಂ. ಪ್ರಕರಣವನ್ನು ತೆಗೆದುಕೊಳ್ಳಿ. ಹೆನ್ರಿ ಮೊಲೈಸನ್ ಎಂಬ ಅಮೆರಿಕದ ಈ ವ್ಯಕ್ತಿಗೆ 1953ರಲ್ಲಿ ತೀವ್ರ ಅಪಸ್ಮಾರಕ್ಕಾಗಿ ಮೆದುಳಿನ ಶಸ್ತ್ರಚಿಕಿತ್ಸೆಯಾಯಿತು. ನೆನಪು ಕಟ್ಟುವ ಭಾಗವಾದ, ಎರಡೂ ಬದಿಯ ಹಿಪೊಕ್ಯಾಂಪಸ್‌ನ ದೊಡ್ಡ ಪಾಲು ಹೋಯಿತು. ಅಂದಿನಿಂದ 2008ರಲ್ಲಿ ತೀರಿಕೊಳ್ಳುವವರೆಗೆ ಅವರಿಗೆ ಹೊಸ ಘಟನೆಗಳು ನೆನಪಿನಲ್ಲಿ ಉಳಿಯಲಿಲ್ಲ. ಸಾಮಾನ್ಯವಾಗಿ ಉತ್ತರದಲ್ಲಿ ಇದು ಹೀಗೆ ಬರುತ್ತದೆ:

‘ಎಚ್.ಎಂ. ಅಧ್ಯಯನ ಮಾದರಿಯನ್ನು ಬೆಂಬಲಿಸುತ್ತದೆ. ಅವರಿಗೆ ಶಸ್ತ್ರಚಿಕಿತ್ಸೆಯ ನಂತರ ಹೊಸ ನೆನಪುಗಳು ಉಳಿಯಲಿಲ್ಲ. ಆದರೆ ಇದು ಒಬ್ಬ ವ್ಯಕ್ತಿಯ ಅಧ್ಯಯನವಾದ್ದರಿಂದ ಎಲ್ಲರಿಗೂ ಅನ್ವಯಿಸಲಾಗದು.’

ಮೂರು ವಾಕ್ಯ, ಮೂರೂ ನಿಜ. ಆದರೆ ಬೆಂಬಲಿಸುವುದು ಮಾದರಿಯ ಯಾವ ಮಾತನ್ನು? ಹೊಸ ನೆನಪು ಉಳಿಯದೆ ಹೋದದ್ದು ಮೂರು ಉಗ್ರಾಣಗಳಿವೆ ಎಂದು ಹೇಗೆ ತೋರಿಸುತ್ತದೆ? ಓದುವ ಪರೀಕ್ಷಕರಿಗೆ ಉತ್ತರ ಸಿಗುವುದಿಲ್ಲ. ಇದನ್ನೇ ಹೀಗೆ ಬರೆದರೆ:

‘ಅಲ್ಪಾವಧಿ ಮತ್ತು ದೀರ್ಘಾವಧಿ ನೆನಪು ಬೇರೆಬೇರೆ ಎಂಬ ಮಾದರಿಯ ಮಾತಿಗೆ ಎಚ್.ಎಂ. ಪ್ರಕರಣ ಬಲ ಕೊಡುತ್ತದೆ. ಕೇಳಿದ ಅಂಕಿಗಳನ್ನು ಆ ಕ್ಷಣಕ್ಕೆ ಅವರು ಉಳಿದವರಂತೆಯೇ ಒಪ್ಪಿಸಬಲ್ಲವರಾಗಿದ್ದರು, ಆದರೆ ಹೊಸ ಘಟನೆ ಯಾವುದೂ ಉಳಿಯುತ್ತಿರಲಿಲ್ಲ. ನೆನಪೆಲ್ಲ ಒಂದೇ ಕಡೆ ಇದ್ದಿದ್ದರೆ ಒಂದು ಕೆಟ್ಟು ಇನ್ನೊಂದು ಉಳಿಯುವಂತಿರಲಿಲ್ಲ. ಆದರೆ ಇದೇ ಪ್ರಕರಣ ಮಾದರಿಗೆ ತೊಡಕೂ ಹೌದು. ಬ್ರೆಂಡಾ ಮಿಲ್ನರ್ ಅವರ ಪರೀಕ್ಷೆಯಲ್ಲಿ ಕನ್ನಡಿಯಲ್ಲಿ ಮಾತ್ರ ನೋಡಿಕೊಂಡು ನಕ್ಷತ್ರದ ಆಕಾರ ಎಳೆಯುವುದನ್ನು ಎಚ್.ಎಂ. ಮೂರು ದಿನಗಳಲ್ಲಿ ಚೆನ್ನಾಗಿ ಕಲಿತರು; ಹಿಂದಿನ ದಿನ ಎಳೆದದ್ದು ಮಾತ್ರ ನೆನಪಿರಲಿಲ್ಲ. ಘಟನೆಗಳ ನೆನಪು ಹೋಗಿ ಕೈಯ ಕೌಶಲ ಉಳಿದಿದೆ ಎಂದರೆ ದೀರ್ಘಾವಧಿ ನೆನಪು ಒಂದೇ ಉಗ್ರಾಣವಾಗಿರಲಾರದು. ಹಾಗಾಗಿ ಎರಡು ಉಗ್ರಾಣಗಳ ನಡುವೆ ಮಾದರಿ ಹಾಕಿದ ಗೋಡೆ ನಿಲ್ಲುತ್ತದೆ, ಆದರೆ ಎರಡನೆಯದರ ಒಳಗೆ ಗೋಡೆಗಳೇ ಇಲ್ಲ ಎಂಬ ಚಿತ್ರ ನಿಲ್ಲುವುದಿಲ್ಲ.’

ಒಬ್ಬನೇ ಸಾಕ್ಷಿ ಮೊದಲು ಪರವಾಗಿ, ಆಮೇಲೆ ವಿರುದ್ಧವಾಗಿ ನುಡಿದಿದ್ದಾನೆ. ಹೊಸ ಅಧ್ಯಯನದ ಹೆಸರು ಕಲಿಯಬೇಕಾಗಿ ಬರಲಿಲ್ಲ. ಗೊತ್ತಿದ್ದದ್ದಕ್ಕೇ ಇನ್ನೆರಡು ಪ್ರಶ್ನೆ ಕೇಳಿದ್ದು. ಕೊನೆಯ ವಾಕ್ಯವನ್ನೂ ಗಮನಿಸಿ. ‘ಮಾದರಿ ತಪ್ಪು’ ಎಂದಿಲ್ಲ, ‘ಸರಿ’ ಎಂದೂ ಇಲ್ಲ. ಎಷ್ಟು ಸರಿ ಎಂದು ಅಳೆದಿದೆ. ಮೇಲಿನ ಮಟ್ಟದ ಉತ್ತರಗಳಲ್ಲಿ ಕಾಣುವ ಗುಣ ಇದೇ ಎಂದು ನನ್ನ ಅಭಿಪ್ರಾಯ.

ಇನ್ನೊಂದು ಸಾಕ್ಷಿ ಕೆ.ಎಫ್. ಬೈಕ್ ಅಪಘಾತದಲ್ಲಿ ಮೆದುಳಿಗೆ ಪೆಟ್ಟು ಬಿದ್ದಿದ್ದ ಈ ರೋಗಿಯ ಬಗ್ಗೆ ಶಾಲಿಸ್ ಮತ್ತು ವಾರಿಂಗ್ಟನ್ 1970ರಲ್ಲಿ ಬರೆದರು. ಅಂಕಿಗಳನ್ನು ಜೋರಾಗಿ ಓದಿ ಹೇಳಿದರೆ ಆತನಿಗೆ ಒಂದೆರಡಕ್ಕಿಂತ ಹೆಚ್ಚು ನಿಲ್ಲುತ್ತಿರಲಿಲ್ಲ. ತಾನೇ ಕಣ್ಣಿಂದ ಓದಿಕೊಂಡರೆ ಅದಕ್ಕಿಂತ ಚೆನ್ನಾಗಿ ನೆನಪಿರುತ್ತಿತ್ತು. ಅಲ್ಪಾವಧಿ ನೆನಪಿನಲ್ಲೂ ಕೇಳಿದ್ದಕ್ಕೆ ಒಂದು, ನೋಡಿದ್ದಕ್ಕೆ ಒಂದು ಎಂದು ಬೇರೆಬೇರೆ ವಿಭಾಗಗಳಿವೆ ಎಂದು ಎಲ್ಲ ಮಕ್ಕಳೂ ಬರೆಯುತ್ತಾರೆ. ಅದು ಸರಿ. ಆದರೆ ಅದಕ್ಕಿಂತ ಹರಿತವಾದ ಇನ್ನೊಂದು ಅಂಶ ಈ ಪ್ರಕರಣದಲ್ಲೇ ಇದೆ, ಅದನ್ನು ಹೆಚ್ಚು ಮಂದಿ ಮುಟ್ಟುವುದಿಲ್ಲ. ಕೆ.ಎಫ್.ನ ದೀರ್ಘಾವಧಿ ನೆನಪು ಸರಿಯಾಗಿಯೇ ಇತ್ತು, ಹೊಸದನ್ನು ಆತ ಕಲಿಯಬಲ್ಲವನಾಗಿದ್ದ. ಮಾದರಿಯ ಪ್ರಕಾರ ದೀರ್ಘಾವಧಿ ಉಗ್ರಾಣಕ್ಕೆ ಇರುವ ದಾರಿಯೇ ಅಲ್ಪಾವಧಿ ಉಗ್ರಾಣ. ಆ ದಾರಿ ಇಷ್ಟು ಹಾಳಾಗಿದ್ದರೂ ಸರಕು ಒಳಗೆ ಹೋಗಿದ್ದು ಹೇಗೆ? ಮೊದಲ ಟೀಕೆ ಮಾದರಿಗೆ ಒಂದು ಕೋಣೆ ಸೇರಿಸಿದರೆ ಬಗೆಹರಿಯುತ್ತದೆ. ಎರಡನೆಯದು ಬಾಣದ ಗುರುತುಗಳನ್ನೇ ಪ್ರಶ್ನಿಸುತ್ತದೆ. ಒಂದು ಟೀಕೆ ಇನ್ನೊಂದಕ್ಕಿಂತ ಯಾಕೆ ಭಾರ ಎಂದು ಹೇಳುವುದೂ ಚರ್ಚೆಯೇ.

ಮೂರನೆಯದು ಕ್ರೇಕ್ ಮತ್ತು ವಾಟ್ಕಿನ್ಸ್, 1973. ಪದಗಳನ್ನು ಅಲ್ಪಾವಧಿ ನೆನಪಿನಲ್ಲಿ ಹೆಚ್ಚು ಹೊತ್ತು ಹಿಡಿದಿಟ್ಟುಕೊಂಡ ಮಾತ್ರಕ್ಕೆ ಅವು ಮುಂದೆ ಹೆಚ್ಚು ನೆನಪಿಗೆ ಬರಲಿಲ್ಲ ಎಂದು ಅವರು ಕಂಡುಕೊಂಡರು. ಬರೀ ಹೇಳಿಕೊಳ್ಳುವುದು ಒಂದು, ಹೊಸದನ್ನು ಮೊದಲೇ ಗೊತ್ತಿರುವುದಕ್ಕೆ ಕೂಡಿಸಿ ಅರ್ಥ ಹಚ್ಚುವುದು ಇನ್ನೊಂದು. ದೀರ್ಘಾವಧಿಗೆ ಬೇಕಾದ್ದು ಎರಡನೆಯದು. ಉರು ಹೊಡೆದು ಈ ಅಧ್ಯಯನವನ್ನು ಒಪ್ಪಿಸುವ ಮಕ್ಕಳನ್ನು ನೆನೆದರೆ ನಗು ಬರುತ್ತದೆ. ಉತ್ತರದಲ್ಲಿ ಬರೆಯಬೇಕಾದ್ದು ಮಾತ್ರ ಇಷ್ಟು: ಎಷ್ಟು ಸಲ ಹೇಳಿಕೊಂಡೆವು ಎಂಬುದಕ್ಕೆ ಮಾದರಿ ಹೆಚ್ಚು ಒತ್ತು ಕೊಟ್ಟಿತು, ಹೇಗೆ ಎಂಬುದಕ್ಕೆ ಕಡಿಮೆ.

ನ್ಯಾಯಕ್ಕಾಗಿ ಒಂದು ಮಾತು. ಅಟ್ಕಿನ್ಸನ್ ಮತ್ತು ಶಿಫ್ರಿನ್ 1968ರಲ್ಲಿ ಬರೆದ ಮೂಲ ಪ್ರಬಂಧ ಪಠ್ಯಪುಸ್ತಕದ ಮೂರು ಚೌಕಗಳಿಗಿಂತ ತುಂಬ ಶ್ರೀಮಂತವಾದದ್ದು. ವ್ಯಕ್ತಿ ತನ್ನ ನೆನಪನ್ನು ಹೇಗೆಲ್ಲ ನಿಯಂತ್ರಿಸಿಕೊಳ್ಳುತ್ತಾನೆ ಎಂಬ ಬಗ್ಗೆ ಅದರಲ್ಲಿ ದೊಡ್ಡ ಭಾಗವೇ ಇದೆ. ‘ತೀರಾ ಸರಳ’ ಎಂದು ಬೈಸಿಕೊಳ್ಳುವುದು ಎಷ್ಟೋ ಸಲ ಪಠ್ಯಪುಸ್ತಕದ ಸಾರಾಂಶ. ಪರೀಕ್ಷೆಯಲ್ಲಿ ಇದನ್ನು ಹೇಳಲೇಬೇಕೆಂದಿಲ್ಲ, ಹೇಳಿದರೆ ಒಳ್ಳೆಯ ಅಂಶವೇ ಆಗುತ್ತದೆ.

ಎಲ್ಲ ಪ್ರಶ್ನೆಗೂ ಅಂಟಿಸುವ ಟೀಕೆಗಳು

‘ಪ್ರಯೋಗಾಲಯದಲ್ಲಿ ನಡೆದದ್ದು, ಆದ್ದರಿಂದ ನಿಜ ಜೀವನಕ್ಕೆ ಹೊಂದುವುದಿಲ್ಲ.’ ‘ಭಾಗವಹಿಸಿದವರು ಕಡಿಮೆ.’ ‘ಪಾಶ್ಚಾತ್ಯರು ಮಾತ್ರ ಇದ್ದರು.’ ‘ನೈತಿಕವಾಗಿ ಸರಿಯಲ್ಲ.’ ಈ ನಾಲ್ಕು ವಾಕ್ಯಗಳನ್ನು ಸ್ಮರಣೆಗೂ ಹಾಕಬಹುದು, ವಿಧೇಯತೆಗೂ ಹಾಕಬಹುದು, ತಾಯಿ-ಮಗುವಿನ ಒಡನಾಟಕ್ಕೂ (ಅಟ್ಯಾಚ್ಮೆಂಟ್) ಹಾಕಬಹುದು. ಎಲ್ಲಕ್ಕೂ ಹೊಂದುವುದರಿಂದಲೇ ಯಾವುದಕ್ಕೂ ಅಂಕ ತರುವುದಿಲ್ಲ. ಇವು ಸುಳ್ಳಲ್ಲ, ಅರ್ಧಕ್ಕೆ ನಿಂತವು.

ಪೂರ್ತಿ ಮಾಡುವುದು ಹೇಗೆ? ಪೀಟರ್ಸನ್ ಪ್ರಯೋಗದಲ್ಲಿ ಕೊಟ್ಟದ್ದು ಅರ್ಥವಿಲ್ಲದ ಮೂರು ವ್ಯಂಜನಗಳು. ಇದಕ್ಕೆ ಎದುರಾಗಿ ಬಾರಿಕ್ ಮತ್ತು ಸಂಗಡಿಗರು 1975ರಲ್ಲಿ ಅಮೆರಿಕದ 392 ಜನರಿಗೆ ಅವರದೇ ಶಾಲೆಯ ಹಳೆಯ ಸಹಪಾಠಿಗಳ ಫೋಟೋ ತೋರಿಸಿದರು. ಶಾಲೆ ಬಿಟ್ಟು 48 ವರ್ಷವಾದವರೂ ಸುಮಾರು ಶೇ. 70ರಷ್ಟು ಮುಖಗಳನ್ನು ಗುರುತಿಸಿದರು. ಈಗ ಟೀಕೆಗೆ ಹಲ್ಲು ಬಂತು: ನೆನಪು ಎಷ್ಟು ಹೊತ್ತು ಉಳಿಯುತ್ತದೆ ಎಂಬುದು ಉಗ್ರಾಣದ ಮೇಲಷ್ಟೇ ಅಲ್ಲ, ಒಳಗೆ ಹೋದ ಸರಕಿಗೆ ಅರ್ಥವಿತ್ತೇ ಎಂಬುದರ ಮೇಲೂ ನಿಂತಿದ್ದರೆ, ಅರ್ಥವಿಲ್ಲದ ಅಕ್ಷರಗಳಿಂದ ಕಟ್ಟಿದ ಅವಧಿಯ ಲೆಕ್ಕ ಎಷ್ಟು ನಂಬಿಕೆಗೆ ಅರ್ಹ? ಅಧ್ಯಯನದ ದೋಷದಿಂದ ಸಿದ್ಧಾಂತದ ದೋಷಕ್ಕೆ ದಾರಿ ತೋರಿಸಿದಾಗ ಮಾತ್ರ ಅದು ಈ ಪ್ರಶ್ನೆಗೆ ಉತ್ತರ. ಕೇಳಿದ್ದು ಮಾದರಿಯ ಬಗ್ಗೆ, ಪೀಟರ್ಸನ್ ಬಗ್ಗೆ ಅಲ್ಲ.

ಸಂಸ್ಕೃತಿಯ ಟೀಕೆಯೂ ಹಾಗೆಯೇ. ತಾಯಿ-ಮಗುವಿನ ಒಡನಾಟದ ಅಧ್ಯಾಯದಲ್ಲಿ ‘ಬೇರೆ ದೇಶಗಳಲ್ಲಿ ಬೇರೆ’ ಎಂದು ಬರೆದು ಬಿಡುವವರೇ ಹೆಚ್ಚು. ಫಾನ್ ಐಜೆಂಡೋರ್ನ್ ಮತ್ತು ಕ್ರೋನೆನ್‌ಬರ್ಗ್ 1988ರಲ್ಲಿ 8 ದೇಶಗಳ 32 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ದೇಶ ದೇಶಗಳ ನಡುವಿನ ವ್ಯತ್ಯಾಸಕ್ಕಿಂತ ಒಂದೇ ದೇಶದೊಳಗಿನ ವ್ಯತ್ಯಾಸ ಸುಮಾರು ಒಂದೂವರೆ ಪಟ್ಟು ಇತ್ತು. ‘ಜಪಾನಿನವರು ಹೀಗೆ, ಜರ್ಮನಿಯವರು ಹಾಗೆ’ ಎಂಬ ಮಾತನ್ನೇ ಇದು ಅಲುಗಿಸುತ್ತದೆ. ಆ ಎಂಟರಲ್ಲಿ ಭಾರತ ಇರಲಿಲ್ಲ, ಆಫ್ರಿಕಾದ ಒಂದು ದೇಶವೂ ಇರಲಿಲ್ಲ ಎಂಬುದನ್ನು ಸೇರಿಸಿದರೆ ವಿದ್ಯಾರ್ಥಿಗೆ ತನ್ನದೇ ಮಾತು ಹೇಳಲು ಜಾಗ ಸಿಗುತ್ತದೆ.

ಉತ್ತರವೊಂದರಲ್ಲಿ ವಾದ ಮುಂದೆ ಸಾಗುವುದು ಹೇಗೆಂದು ನೋಡಲು ನನಗೆ ಇಷ್ಟವಾದ ಜೋಡಿ ವಿಧೇಯತೆಯ ಅಧ್ಯಾಯದಲ್ಲಿದೆ. ಮಿಲ್‌ಗ್ರಾಮ್ ಅವರ 1963ರ ಪ್ರಯೋಗದಲ್ಲಿ 40 ಜನ ಗಂಡಸರಿಗೆ ಇನ್ನೊಬ್ಬನಿಗೆ ಶಾಕ್ ಕೊಡುವಂತೆ (ಶಾಕ್ ನಿಜದ್ದಲ್ಲ, ಅವರಿಗೆ ಅದು ಗೊತ್ತಿರಲಿಲ್ಲ) ಆಜ್ಞಾಪಿಸಿದಾಗ ಅವರಲ್ಲಿ ಶೇ. 65ರಷ್ಟು ಮಂದಿ 450 ವೋಲ್ಟ್‌ವರೆಗೂ ಹೋದರು ಎಂಬುದು ಎಲ್ಲರಿಗೂ ಗೊತ್ತು. ಅದು ಪ್ರಯೋಗಾಲಯದ ಮಾತು ಎಂದು ಯಾರಾದರೂ ಆಕ್ಷೇಪಿಸಿದರೆ ಹಾಫ್ಲಿಂಗ್ ಮತ್ತು ಸಂಗಡಿಗರ 1966ರ ಅಧ್ಯಯನ ಇದೆ. ಆಸ್ಪತ್ರೆಯ ನರ್ಸ್‌ಗೆ ಗುರುತಿಲ್ಲದ ಡಾಕ್ಟರ್ ಫೋನ್ ಮಾಡಿ, ಡಬ್ಬಿಯ ಮೇಲೆ ಬರೆದ ಮಿತಿಯ ಎರಡರಷ್ಟು ಔಷಧಿ ಕೊಡಲು ಹೇಳುತ್ತಾನೆ. 22ರಲ್ಲಿ 21 ಜನ ಕೊಡಲು ಹೊರಟರು. ಇಲ್ಲಿಗೆ ನಿಲ್ಲಿಸಿದರೆ ಒಂದು ಅಂಶ. ಮುಂದೆ ಹೋದರೆ, 1977ರಲ್ಲಿ ರ‍್ಯಾಂಕ್ ಮತ್ತು ಜೇಕಬ್ಸನ್ ಇದೇ ರೀತಿಯ ಪರೀಕ್ಷೆ ಮಾಡಿದರು. ಈ ಸಲ ಔಷಧಿ ನರ್ಸ್‌ಗಳಿಗೆ ಪರಿಚಯದ್ದು, ಸಹೋದ್ಯೋಗಿಗಳನ್ನು ಕೇಳಲು ಅವಕಾಶವೂ ಇತ್ತು. 18ರಲ್ಲಿ ಹೊರಟವರು 2. ಹಾಗಾದರೆ ಹಾಫ್ಲಿಂಗ್ ಸುಳ್ಳಾಯಿತೇ? ಇಲ್ಲ. ಸನ್ನಿವೇಶ ಬದಲಾದಂತೆ ವಿಧೇಯತೆ ಬದಲಾಯಿತು ಎಂದಾದರೆ ಅದು ಸನ್ನಿವೇಶವೇ ಕಾರಣ ಎಂಬ ವಾದಕ್ಕೆ ಬಲವೇ. ಬಿದ್ದುಹೋದದ್ದು ‘ಅಧಿಕಾರ ಇದ್ದಲ್ಲಿ ಎಲ್ಲರೂ ತಲೆಬಾಗುತ್ತಾರೆ’ ಎಂಬ ಸಸ್ತಾ ಮಾತು. ಅಧ್ಯಯನ, ಪ್ರತಿ-ಅಧ್ಯಯನ, ಎರಡನ್ನೂ ಇಟ್ಟುಕೊಂಡು ಒಂದು ನಿಲುವು. ಇಂಥ ಮೂರು ಪ್ಯಾರಾ ಇದ್ದರೆ 10 ಅಂಕದ ಭಾಗಕ್ಕೆ ಸಾಕು. ತುಂಡು ತುಂಡಾದ ಏಳು ಟೀಕೆಗಳಿಗಿಂತ ತುದಿ ಮುಟ್ಟಿಸಿದ ಮೂರು ವಾಸಿ.

ಮೇಷ್ಟರು ಹೇಳಿಕೊಡುವ ಪೀಲ್ ಸೂತ್ರ ಇದಕ್ಕೆ ನೆರವಾಗುತ್ತದೆ: ಅಂಶ, ಆಧಾರ, ವಿವರಣೆ, ಪ್ರಶ್ನೆಗೆ ಕೊಂಡಿ. ಬರೆಯಲು ಕೈ ಓಡದವರಿಗೆ ಊರುಗೋಲಾಗಿ ಒಳ್ಳೆಯದು. ಆದರೆ ಸೂತ್ರ ಕಲಿತ ಮಕ್ಕಳು ಕೊನೆಯ ಕೊಂಡಿಯನ್ನು ‘ಆದ್ದರಿಂದ ಇದು ಮಾದರಿಯ ಸಿಂಧುತ್ವವನ್ನು ಕಡಿಮೆ ಮಾಡುತ್ತದೆ’ ಎಂಬ ಒಂದೇ ವಾಕ್ಯದಿಂದ ಪ್ರತಿ ಪ್ಯಾರಾದಲ್ಲೂ ಹಾಕುತ್ತಾರೆ. ಅದು ಕೊಂಡಿಯಲ್ಲ, ಸೀಲು.

ಕಥೆ ಕೊಟ್ಟಿದ್ದರೆ

ಪ್ರಶ್ನೆಯ ಮೇಲೆ ನಾಲ್ಕು ಸಾಲಿನ ಸನ್ನಿವೇಶ ಇದ್ದಾಗ ಲೆಕ್ಕ ಬದಲಾಗುತ್ತದೆ. ಹೀಗೊಂದು ಕಲ್ಪಿಸಿಕೊಳ್ಳಿ: ಹುಡುಗಿಯೊಬ್ಬಳು ಅಂಗಡಿಯಿಂದ ತರಬೇಕಾದ ಆರು ಸಾಮಾನುಗಳನ್ನು ಬಾಯಲ್ಲಿ ಹೇಳಿಕೊಳ್ಳುತ್ತಾ ಹೋಗುತ್ತಿದ್ದಾಳೆ, ದಾರಿಯಲ್ಲಿ ಗೆಳತಿ ಸಿಕ್ಕಿ ಮಾತಾಡಿಸಿದಳು, ಅಂಗಡಿ ಮುಟ್ಟುವಾಗ ಎರಡೇ ಉಳಿದಿವೆ, ಆದರೆ ಹೋದ ವರ್ಷ ಒಂದೇ ಒಂದು ಸಲ ಕೇಳಿದ ತಮಾಷೆಯ ಜಾಹೀರಾತು ಅಂಗಡಿಯ ಮುಂದೆ ನಿಂತೊಡನೆ ಪೂರ್ತಿ ನೆನಪಾಯಿತು.

ಮಕ್ಕಳು ಸಾಮಾನ್ಯವಾಗಿ ಮಾದರಿಯನ್ನೆಲ್ಲ ಬರೆದು, ಕೊನೆಗೆ ‘ಈ ಹುಡುಗಿಗೂ ಹೀಗೇ ಆಗಿದೆ’ ಎಂದು ಮುಗಿಸುತ್ತಾರೆ. 4 ಅಂಕ ಅಲ್ಲಿ ಸೋರಿಹೋಗುತ್ತದೆ. ಮಾಡಬೇಕಾದ್ದು ಕಥೆಯ ಒಂದೊಂದು ವಿವರವನ್ನೂ ಹಿಡಿಯುವುದು. ಆರು ಸಾಮಾನು ಅಲ್ಪಾವಧಿ ಮಿತಿಯೊಳಗೇ ಇದೆ, ಅಂದರೆ ಮರೆತದ್ದು ಜಾಗ ಸಾಲದೆ ಅಲ್ಲ. ಗೆಳತಿಯ ಮಾತು ರಿಹರ್ಸಲ್ ನಿಲ್ಲಿಸಿತು, ಪೀಟರ್ಸನ್ ಪ್ರಯೋಗದಲ್ಲಿ ಹಿಂದಕ್ಕೆ ಎಣಿಸಿದ ಹಾಗೆ. ಜಾಹೀರಾತು ಮಾತ್ರ ಮಾದರಿಗೆ ತಲೆನೋವು: ಒಂದು ಸಲವೂ ಹೇಳಿಕೊಳ್ಳದೆ ಅದು ದೀರ್ಘಾವಧಿಗೆ ಹೋಗಿದೆ. ಸನ್ನಿವೇಶ ಬರೆಯುವವರು ಇಂಥ ಎಳೆಗಳನ್ನು ಬೇಕೆಂದೇ ಇಟ್ಟಿರುತ್ತಾರೆ. ಈ ಕೊನೆಯ ಎಳೆ ಅನ್ವಯದಿಂದ ನೇರ ವಿಮರ್ಶೆಗೆ ಕರೆದೊಯ್ಯುತ್ತದೆ, ಕ್ರೇಕ್ ಮತ್ತು ವಾಟ್ಕಿನ್ಸ್ ಅಲ್ಲಿ ತಾವಾಗಿಯೇ ಬಂದು ಕೂರುತ್ತಾರೆ.

20 ನಿಮಿಷದಲ್ಲಿ ಮೊದಲ ಎರಡನ್ನು ಯೋಜನೆಗೆ ಕೊಡುವುದು ದುಬಾರಿ ಎನಿಸಬಹುದು. ಅಂಚಿನಲ್ಲಿ ಮೂರು ವಿಮರ್ಶೆಯ ಹೆಸರು, ಒಂದೊಂದರ ಮುಂದೆ ‘ಹಾಗಾದರೆ?’ ಎಂಬ ಪ್ರಶ್ನೆಗೆ ಎರಡು ಪದದ ಉತ್ತರ, ಇಷ್ಟು ಸಾಕು. ಅದಿಲ್ಲದೆ ಶುರು ಮಾಡಿದ ಉತ್ತರ ವರ್ಣನೆಯಲ್ಲೇ 12 ನಿಮಿಷ ತಿನ್ನುತ್ತದೆ. ಯೋಜನೆ ಮುಗಿಸಿ ಉಳಿದ 18 ನಿಮಿಷದಲ್ಲಿ ಕೈಬರಹದಲ್ಲಿ ನಾಲ್ಕು ನೂರು, ನಾಲ್ಕು ನೂರೈವತ್ತು ಪದ ಬರೆಯಬಹುದು. ಪೀಠಿಕೆ ಬೇಡ. ‘ಸ್ಮರಣೆ ಮಾನವನ ಜೀವನದಲ್ಲಿ ಅತ್ಯಂತ ಮುಖ್ಯವಾದದ್ದು’ ಎಂಬ ಸಾಲಿಗೆ ಪ್ರಪಂಚದ ಯಾವ ಪರೀಕ್ಷಕರೂ ಅಂಕ ಕೊಟ್ಟದ್ದಿಲ್ಲ. ಉಪಸಂಹಾರ ಬರೆದರೆ ಒಂದು ವಾಕ್ಯ, ಅದರಲ್ಲಿ ತೀರ್ಪು ಇರಬೇಕು. ಈಗಾಗಲೇ ಹೇಳಿದ್ದನ್ನು ಮತ್ತೆ ಹೇಳುವುದಾದರೆ ಆ ಹೊತ್ತಿನಲ್ಲಿ ಎರಡನೇ ಪ್ಯಾರಾಗೆ ಇನ್ನೊಂದು ‘ಹಾಗಾದರೆ’ ಸೇರಿಸುವುದು ಒಳ್ಳೆಯದು.

ಕನ್ನಡದಲ್ಲಿ ಬರೆಯುವವರಿಗೆ

ಇದೆಲ್ಲ ಇಂಗ್ಲೆಂಡಿನ ಕಥೆಯಾಯಿತು. ಆದರೆ ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಮನಃಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳುವವರಿಗೂ ಇದೇ ಗುದ್ದಾಟ. ಅಲ್ಲಿ ಎರಡು ಪತ್ರಿಕೆ, ಒಂದೊಂದಕ್ಕೆ 250 ಅಂಕ, 3 ಗಂಟೆ. ಎಂಟು ಪ್ರಶ್ನೆಗಳಲ್ಲಿ ಐದು ಬರೆಯಬೇಕು. ಒಂದನೆಯದೂ ಐದನೆಯದೂ ಕಡ್ಡಾಯ, ಅವುಗಳಲ್ಲಿ 10 ಅಂಕದ ಐದೈದು ತುಂಡುಗಳು, ಒಂದೊಂದಕ್ಕೆ ಸುಮಾರು 150 ಪದ. ಲೆಕ್ಕ ಹಾಕಿದರೆ 20 ಅಂಕದ ಉತ್ತರಕ್ಕೆ 14 ನಿಮಿಷ ಸಿಗುತ್ತದೆ; ಎ-ಲೆವೆಲ್‌ನ ಮಕ್ಕಳು 16 ಅಂಕಕ್ಕೆ ಪಡೆಯುವುದಕ್ಕಿಂತಲೂ ಕಡಿಮೆ. ‘ವಿಮರ್ಶಾತ್ಮಕವಾಗಿ ಪರಿಶೀಲಿಸಿ’ ಎಂದು ಕೇಳಿದಲ್ಲಿ ವ್ಯಾಖ್ಯಾನ, ವಿಧಗಳು, ಲಕ್ಷಣಗಳು ಎಂದು ನೋಟ್ಸಿನ ಕ್ರಮದಲ್ಲೇ ಇಳಿಸುವ ಅಭ್ಯಾಸಕ್ಕೆ ಅಲ್ಲಿ ಹೊತ್ತೇ ಇಲ್ಲ.

ಕನ್ನಡದಲ್ಲಿ ಬರೆಯಲು ಅವಕಾಶ ಇದೆ. ಪಾರಿಭಾಷಿಕ ಪದಗಳಿಗೆ ಕನ್ನಡದ ಜೊತೆ ಇಂಗ್ಲಿಷ್ ರೂಪವನ್ನು ಆವರಣದಲ್ಲಿ ಕೊಡಬಹುದು ಎಂದು ಆಯೋಗವೇ ಹೇಳುತ್ತದೆ. ಇದನ್ನು ಧಾರಾಳವಾಗಿ ಬಳಸಿಕೊಳ್ಳಬೇಕು. ಒಂದು ಪುಸ್ತಕದಲ್ಲಿ ‘ಸ್ಮೃತಿ’, ಇನ್ನೊಂದರಲ್ಲಿ ‘ಸ್ಮರಣೆ’, ಮೂರನೆಯದರಲ್ಲಿ ‘ಜ್ಞಾಪಕ’ ಎಂದಿರುವಾಗ ಉತ್ತರದಲ್ಲಿ ಒಂದನ್ನೇ ಹಿಡಿದು ಕೊನೆಯವರೆಗೂ ಅದನ್ನೇ ಬಳಸಿ. ನಡುವೆ ಪದ ಬದಲಾದರೆ ಓದುವವರು ಅದನ್ನು ಬೇರೆ ಪರಿಕಲ್ಪನೆ ಎಂದುಕೊಳ್ಳುವ ಅಪಾಯವಿದೆ.

ತಯಾರಿಯ ಬಗ್ಗೆ ಮನಃಶಾಸ್ತ್ರವೇ ಕೊಟ್ಟ ಒಂದು ಫಲಿತಾಂಶವನ್ನು ಮನಃಶಾಸ್ತ್ರದ ವಿದ್ಯಾರ್ಥಿಗಳೇ ಕಡೆಗಣಿಸುವುದು ವಿಚಿತ್ರ. ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಗದ್ಯಭಾಗಗಳನ್ನು ಓದಲು ಕೊಟ್ಟರು. ಒಂದು ಗುಂಪು ನಾಲ್ಕು ಅವಧಿಯೂ ಓದಿತು. ಇನ್ನೊಂದು ಗುಂಪು ಒಂದು ಅವಧಿ ಓದಿ, ಉಳಿದ ಮೂರರಲ್ಲಿ ಪುಸ್ತಕ ಮುಚ್ಚಿ ನೆನಪಿದ್ದದ್ದನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಬರೀ ಓದಿದವರೇ ಮುಂದಿದ್ದರು. ವಾರದ ನಂತರ ಲೆಕ್ಕ ತಿರುಗಿತು: ನೆನಪಿನಿಂದ ಬರೆದವರಿಗೆ ಶೇ. 61, ಓದುತ್ತಲೇ ಇದ್ದವರಿಗೆ ಶೇ. 40.

ಇದನ್ನು ಚರ್ಚೆಯ ಪ್ರಶ್ನೆಗೆ ಹೊಂದಿಸುವುದು ಕಷ್ಟವಲ್ಲ. ಮಾದರಿ ಉತ್ತರಗಳನ್ನು ಬಣ್ಣದ ಪೆನ್ನಿನಿಂದ ಗುರುತು ಹಾಕುತ್ತಾ ಮತ್ತೆ ಮತ್ತೆ ಓದುವ ಬದಲು ಖಾಲಿ ಹಾಳೆ ತೆಗೆದು ಒಂದು ಅಧ್ಯಯನದ ಹೆಸರು ಬರೆದುಕೊಳ್ಳಿ. ಅದರ ಕೆಳಗೆ ಮೂರು ಸಾಲು: ಇದು ಸಿದ್ಧಾಂತದ ಯಾವ ಮಾತನ್ನು ಮುಟ್ಟುತ್ತದೆ, ಇದಕ್ಕೆ ಎದುರು ಏನು ಹೇಳಬಹುದು, ಅದಾದ ಮೇಲೂ ಏನು ಉಳಿಯುತ್ತದೆ. ಮೂರನೇ ಸಾಲಿಗೆ ಪೆನ್ನು ನಿಂತರೆ ಓದಬೇಕಾದ್ದು ಆ ಅಧ್ಯಯನದ ಬಗ್ಗೆಯೇ. ಮುಗಿದ ಮೇಲೆ ಎಕ್ಯೂಎ ತನ್ನ ಜಾಲತಾಣದಲ್ಲಿ ಹಾಕಿರುವ ಹಳೆಯ ಪತ್ರಿಕೆಗಳ ಮಾರ್ಕ್ ಸ್ಕೀಮ್ ತೆರೆದು, ನಾಲ್ಕು ಮಟ್ಟದ ವಿವರಣೆಗಳನ್ನು ಪಕ್ಕದಲ್ಲಿಟ್ಟುಕೊಂಡು, ನಿಮ್ಮ ಉತ್ತರಕ್ಕೆ ನೀವೇ ಮಟ್ಟ ಕೊಡಿ. ಯುಪಿಎಸ್‌ಸಿಗೆ ಅಂಥ ಮಟ್ಟದ ಪಟ್ಟಿ ಹೊರಗೆ ಸಿಗುವುದಿಲ್ಲ, ಹಳೆಯ ಪ್ರಶ್ನೆಪತ್ರಿಕೆಗಳು ಸಿಗುತ್ತವೆ; ಅಲ್ಲಿ ಜೊತೆಗೆ ಓದುವ ಗೆಳೆಯರೊಬ್ಬರಿಗೆ ಉತ್ತರ ಕೊಟ್ಟು, ವಾಕ್ಯ ವಾಕ್ಯಕ್ಕೂ ‘ಹಾಗಾದರೆ?’ ಎಂದು ಕೇಳಲು ಹೇಳಬೇಕು.